ಕಣ್ಣು ತೊಳೆಯಬೇಡಿ, ಈಗಲೇ ಹೊರಡಿ

ಮೂಡಿಗೆರೆಯ ತೋಟದಲ್ಲಿ ಕಳೆ ಕತ್ತರಿಸುವ ಯಂತ್ರದಿಂದ ಲೋಹದ ಚೂರು ಸಿಡಿದು ನಿಮ್ಮ ಮೈದುನನ ಕಣ್ಣಿಗೆ ಬಡಿದಿದೆ, ರಕ್ತ ಬರುವುದು ನಿಂತಿದೆ, ಬೆಳಗಿನವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ಪಾಪೆ ದುಂಡಗಿಲ್ಲ, ನೀರಹನಿಯಂತೆ ಒಂದು ಬದಿಗೆ ಎಳೆದುಕೊಂಡಿದೆ ಎಂದಿದ್ದೀರಲ್ಲ, ಅದು ಕಣ್ಣುಗುಡ್ಡೆ ಸೀಳಿರುವ ಲಕ್ಷಣ. ನೋವು ಕಡಿಮೆಯಿದೆ ಎಂದು ನೆಮ್ಮದಿಯಾಗಿರಬೇಡಿ.

ತೊಳೆಯುವುದು, ಒತ್ತುವುದು, ಔಷಧಿ ಬಿಡುವುದು ಯಾವುದೂ ಬೇಡ. ಚುಚ್ಚಿಕೊಂಡಿದ್ದನ್ನು ಕೀಳಲೇಬೇಡಿ. ನನ್ನ ತಮ್ಮನಿಗೆ ಹೀಗೇ ಆದಾಗ ಯಾರೋ ಹತ್ತಿಯಿಟ್ಟು ಬಿಗಿಯಾಗಿ ಬಟ್ಟೆ ಕಟ್ಟಿದ್ದರು; ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕಾಗದದ ಲೋಟದ ಕೆಳಭಾಗವನ್ನು ಕತ್ತರಿಸಿ ತೆಗೆದುಕೊಂಡು, ಅದರ ಅಂಚು ಹುಬ್ಬಿನ ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವಂತೆ ಕವುಚಿ ಅಂಟಿಸಿ. ಕಣ್ಣಿಗೆ ಏನೂ ತಾಗಬಾರದು. ಊಟ, ಕಾಫಿ ಕೊಡಬೇಡಿ, ಅರಿವಳಿಕೆ ಬೇಕಾಗಬಹುದು.

ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಗೆ ಫೋನ್ ಮಾಡಿಕೊಂಡೇ ಹೊರಡಿ; ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಕಳುಹಿಸಿದರೆ ದಾರಿಯಲ್ಲಿ ಮನೆಗೆ ಹೋಗಿ ಬರುವ ಯೋಚನೆ ಬೇಡ. ಲೋಹದ ಚೂರು ಎಂದು ಮೊದಲೇ ಹೇಳಿ. ಸಿ.ಟಿ. ಸ್ಕ್ಯಾನ್ ಮಾಡಿಸಬಹುದು, ಎಂ.ಆರ್.ಐ. ಕೂಡದು. 24 ಗಂಟೆಯೊಳಗೆ ಹೊಲಿಗೆ ಬಿದ್ದರೆ ಸೋಂಕಿನ ಅಪಾಯ ತಗ್ಗುತ್ತದೆ. ಧನುರ್ವಾಯು ಚುಚ್ಚುಮದ್ದನ್ನೂ ಕೇಳಿ.

ಕಣ್ಣಿಗೆ ಎಲೆಯಡಿಕೆಯ ಸುಣ್ಣ ಸಿಡಿದರೆ ಮಾತ್ರ ಇದಕ್ಕೆ ತದ್ವಿರುದ್ಧ: ಅಲ್ಲೇ ನಿಂತು ಅರ್ಧ ಗಂಟೆ ನೀರು ಹಾಯಿಸಿ, ಆಮೇಲೆ ಆಸ್ಪತ್ರೆ.