ಗೋಡೆಯ ಸ್ವಿಚ್ ಆರಿಸಬೇಡಿ: ಒಎಲ್ಇಡಿ ಅಲ್ಟ್ರಾವೈಡ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಮಾನಿಟರ್‌ಗಳ ಬಣ್ಣ ಮತ್ತು ಬೆಳಕನ್ನು ಅಳೆದು ಹೊಂದಿಸಿಕೊಡುವುದು ನನ್ನ ಕೆಲಸ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೆ ಬೇರೆ ಮಾತಿನಲ್ಲಿ ಒಂದನ್ನೇ ಕೇಳಿವೆ. ಆದ್ದರಿಂದ ಆ ಪ್ರಶ್ನೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಒಎಲ್ಇಡಿ ಎಂದರೇನು, 21:9 ಎಂದರೇನು ಎಂದು ವಿವರಿಸುವುದಿಲ್ಲ. ಲಕ್ಷದ ಆಸುಪಾಸಿನ ಪರದೆ ಕೊಳ್ಳಲು ಹೊರಟವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ದಿನಕ್ಕೆ ಎಂಟೊಂಬತ್ತು ಗಂಟೆ ಮನೆಯಿಂದಲೇ ಕೋಡಿಂಗ್ ಕೆಲಸ. ರಾತ್ರಿ ಎರಡು ಗಂಟೆ ಗೇಮ್. 34 ಇಂಚಿನ ಒಎಲ್ಇಡಿ ಅಲ್ಟ್ರಾವೈಡ್ ಕೊಳ್ಳಬೇಕೆಂದಿದ್ದೇನೆ. ಈಗಿನ ಪರದೆಗಳಲ್ಲಿ ಬರ್ನ್-ಇನ್ (ಹಳೆಯ ಚಿತ್ರದ ನೆರಳು ಪರದೆಯಲ್ಲಿ ಉಳಿದುಬಿಡುವುದು) ಆಗುವುದಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?

ನಿಜವಲ್ಲ. ಹಾಗೆ ಹೇಳುವ ಅಂಗಡಿಯಿಂದ ಎದ್ದು ಬನ್ನಿ.

ಬರ್ನ್-ಇನ್ ಎಂಬ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಹಳೆಯ ಪಿಕ್ಚರ್ ಟ್ಯೂಬ್ ಕಾಲದಲ್ಲಿ ಗಾಜಿನ ಒಳಗಿನ ಬೆಳಕು ಸೂಸುವ ಫಾಸ್ಫರ್ ಲೇಪ ಕೆಟ್ಟು ಅಕ್ಷರಗಳ ನೆರಳು ಉಳಿಯುತ್ತಿತ್ತು. ಸ್ಕ್ರೀನ್ ಸೇವರ್ ಹುಟ್ಟಿದ್ದು ಅದನ್ನು ತಪ್ಪಿಸಲು. ಆ ಹೆಸರು ಒಎಲ್ಇಡಿಗೂ ಅಂಟಿಕೊಂಡಿತು. ಹೆಸರು ಕೇಳಿದವರು, ಒಂದು ದಿನ ಟಾಸ್ಕ್‌ಬಾರ್ ಮರೆತು ಬಿಟ್ಟರೆ ಪರದೆ ಸುಟ್ಟು ಕಲೆಯಾಗುತ್ತದೆ ಎಂದುಕೊಳ್ಳುತ್ತಾರೆ. ಸುಡುವಂಥದ್ದು ಏನೂ ನಡೆಯುವುದಿಲ್ಲ. ನಡೆಯುವುದು ಸವೆತ. ಚಪ್ಪಲಿಯನ್ನು ನೆನೆಯಿರಿ. ಹಿಮ್ಮಡಿಯ ಒಂದು ಅಂಚಿಗೆ ಭಾರ ಹಾಕಿ ನಡೆಯುವವರ ಚಪ್ಪಲಿ ಆ ಅಂಚಿನಲ್ಲೇ ತೆಳ್ಳಗಾಗುತ್ತದೆ. ಒಂದು ದಿನದ ನಡಿಗೆಯಿಂದ ಅದು ಆಗುವುದಿಲ್ಲ, ಸಾವಿರ ಗಂಟೆಯ ನಡಿಗೆಯಿಂದ ಆಗದೆ ಇರುವುದೂ ಇಲ್ಲ. ಒಎಲ್ಇಡಿಯ ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತದೆ, ಉರಿದಷ್ಟೂ ಮಂಕಾಗುತ್ತದೆ. ಇಡೀ ಪರದೆ ಸಮನಾಗಿ ಮಂಕಾದರೆ ನಿಮ್ಮ ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಒಂದು ಜಾಗ ಮಾತ್ರ ಹೆಚ್ಚು ಉರಿದಿದ್ದರೆ ಅದರ ಆಕಾರ ಎದ್ದು ಕಾಣುತ್ತದೆ.

ಹಾಗಾಗಿ "ಆಗುತ್ತದೆಯೇ" ಎಂದು ಕೇಳಬೇಡಿ. ನನ್ನ ಬಳಕೆಯಲ್ಲಿ ಎಲ್ಲಿ ಆಗುತ್ತದೆ, ಎಷ್ಟು ಬೇಗ ಆಗುತ್ತದೆ ಎಂದು ಕೇಳಿ.

ಎಲ್ಲಿ ಎಂಬುದಕ್ಕೆ ಅಲ್ಟ್ರಾವೈಡ್‌ನಲ್ಲಿ ವಿಶೇಷ ಉತ್ತರವಿದೆ, ಮತ್ತು ಯಾರೂ ಅದನ್ನು ಕೇಳುವುದಿಲ್ಲ. ಎಲ್ಲರಿಗೂ ಟಾಸ್ಕ್‌ಬಾರ್‌ನದ್ದೇ ಭಯ. ಟಾಸ್ಕ್‌ಬಾರ್ ಅಡಗಿಸುವುದು ಒಂದು ಕ್ಲಿಕ್ಕಿನ ಕೆಲಸ, ಮಾಡಿ ಮುಗಿಸಿ. ನಾನು ಅಂಜುವುದು ಬೇರೆ ಎರಡಕ್ಕೆ. ಮೊದಲನೆಯದು ನಟ್ಟ ನಡುವಿನ ಗೆರೆ. 3440 ಪಿಕ್ಸೆಲ್ ಅಗಲದ ಪರದೆ ಕೊಂಡವರೆಲ್ಲ ಮೊದಲ ದಿನವೇ ಎರಡು ವಿಂಡೋಗಳನ್ನು ಅರ್ಧರ್ಧಕ್ಕೆ ಅಂಟಿಸುತ್ತಾರೆ, ಎಡಕ್ಕೊಂದು, ಬಲಕ್ಕೊಂದು. ಸಂಧಿ ಸದಾ 1720ನೇ ಪಿಕ್ಸೆಲ್‌ನಲ್ಲಿ. ಎರಡೂ ಕಡೆ ಬಿಳಿ ಪುಟ, ನಡುವೆ ಕಪ್ಪು ಅಂಚು. ಆ ಅಂಚಿನ ಪಿಕ್ಸೆಲ್‌ಗಳು ಸವೆಯದೆ ಉಳಿಯುತ್ತವೆ, ಸುತ್ತಲಿನವು ಸವೆಯುತ್ತವೆ. ವರ್ಷಗಳು ಕಳೆದ ಮೇಲೆ ಬೂದು ಹಿನ್ನೆಲೆಯಲ್ಲಿ ಮೇಲಿಂದ ಕೆಳಕ್ಕೆ ಒಂದು ತೆಳು ಹೊಳಪಿನ ಗೆರೆ ಕಾಣುತ್ತದೆ. ಎರಡನೆಯದು ಪಕ್ಕದ ಪಟ್ಟಿಗಳು. ಕ್ರಿಕೆಟ್, ಧಾರಾವಾಹಿ, ಯೂಟ್ಯೂಬ್ ಬಹುಪಾಲು 16:9, ಅಂದರೆ ಅಲ್ಟ್ರಾವೈಡ್‌ಗಿಂತ ಕಡಿಮೆ ಅಗಲದ ಚಿತ್ರ. ಅವನ್ನು ಪೂರ್ತಿ ಪರದೆಗೆ ತೆರೆದರೆ ನಡುವಿನ 2560 ಪಿಕ್ಸೆಲ್ ಉರಿಯುತ್ತದೆ, ಎಡಬಲಗಳಲ್ಲಿ ತಲಾ 440 ಪಿಕ್ಸೆಲ್ ಕಪ್ಪಾಗಿ ವಿಶ್ರಾಂತಿಯಲ್ಲಿರುತ್ತದೆ. ದಿನಾ ಹಾಗೆ ನೋಡುವವರ ಪರದೆ ಮೂರು ಭಾಗವಾಗಿ ಒಡೆದಂತೆ ಕಾಣತೊಡಗುತ್ತದೆ. ಒಂದು ಎಡಿಟಿಂಗ್ ಸ್ಟುಡಿಯೊದಲ್ಲಿ ಇಂಥ ಸವೆತವನ್ನು ಕಣ್ಣಾರೆ ಕಂಡಿದ್ದೇನೆ. ಪೂರ್ತಿ ಬೂದು ಬಣ್ಣ ತೆರೆದರೆ ಟೈಮ್‌ಲೈನಿನ ಪಟ್ಟಿಗಳು, ಪ್ರಿವ್ಯೂ ಚೌಕ, ಉಪಕರಣಗಳ ಸಾಲು ಎಲ್ಲವೂ ಮನೆಯ ನಕ್ಷೆಯಂತೆ ಮೂಡಿದ್ದವು. ಆ ಪರದೆಯ ಮೇಲೆ ಅವರು ಬಣ್ಣ ತಿದ್ದುತ್ತಿದ್ದರು. ಅದನ್ನು ನೋಡಿ ನನಗಾದ ಸಂಕಟ ಈಗಲೂ ಹೋಗಿಲ್ಲ.

ಎಷ್ಟು ಬೇಗ ಎಂಬುದು ಬೆಳಕಿನ ಮಟ್ಟದ ಮೇಲೆ ನಿಂತಿದೆ. ಬೆಳಕು ದುಪ್ಪಟ್ಟಾದರೆ ಸವೆತ ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ. ಬೆಳಕಿನ ಜೊತೆ ಬಿಸಿಯೂ ಸೇರುತ್ತದೆ. ಮನೆಯೊಳಗಿನ ಕೆಲಸಕ್ಕೆ ಬಿಳಿ ಪುಟ 120 ನಿಟ್ಸ್ (ಹೊಳಪಿನ ಅಳತೆ) ಇದ್ದರೆ ಧಾರಾಳ. ನಾನು ಅಳೆದು ಹೊಂದಿಸುವ ಪರದೆಗಳನ್ನು ಅಲ್ಲಿಗೇ ನಿಲ್ಲಿಸುತ್ತೇನೆ. 250 ನಿಟ್ಸ್‌ನಲ್ಲಿ ಎಕ್ಸೆಲ್ ತೆರೆದು ಕೂರುವುದು ಹಣವನ್ನೂ ಕಣ್ಣನ್ನೂ ಒಟ್ಟಿಗೆ ಸುಟ್ಟಂತೆ. ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹಿಗ್ಗಿಸಿ ತೋರಿಸುವ ವಿಧಾನ) ಬೇಕಾದದ್ದು ಸಿನಿಮಾಕ್ಕೆ, ಗೇಮ್‌ಗೆ. ಕೆಲಸದ ಹೊತ್ತಿನಲ್ಲಿ ಆರಿಸಿಡಿ.

ಈಗ ನನ್ನನ್ನು ಅತಿಯಾಗಿ ಕಾಡುವ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಮಲಗುವ ಮುನ್ನ ಎಲ್ಲ ಸ್ವಿಚ್‌ಗಳನ್ನೂ ಗೋಡೆಯಲ್ಲೇ ಆರಿಸುವ ಅಭ್ಯಾಸವಿದೆ. ಟಿವಿ, ಚಾರ್ಜರ್, ಮಾನಿಟರ್, ಎಲ್ಲವೂ ಟಕ್ ಟಕ್. ಹಿರಿಯರು ಕಲಿಸಿದ ಒಳ್ಳೆಯ ಅಭ್ಯಾಸ ಅದು. ಒಎಲ್ಇಡಿ ಮಾನಿಟರ್‌ಗೆ ಮಾತ್ರ ಅದೇ ಶತ್ರು. ಈ ಪರದೆಗಳು ಸಾಮಾನ್ಯವಾಗಿ ಸುಮಾರು 4 ಗಂಟೆಯ ಬಳಕೆ ಕೂಡಿದ ಮೇಲೆ, ಸ್ಟ್ಯಾಂಡ್‌ಬೈಗೆ ಹೋದಾಗ, ತಮ್ಮ ಪಿಕ್ಸೆಲ್‌ಗಳನ್ನು ತಾವೇ ಅಳೆದು ವ್ಯತ್ಯಾಸ ಸರಿದೂಗಿಸಿಕೊಳ್ಳುತ್ತವೆ. ಪಿಕ್ಸೆಲ್ ರಿಫ್ರೆಶ್ ಎನ್ನುವುದು ಇದಕ್ಕೇ. ಕೆಲವೇ ನಿಮಿಷದ ಕೆಲಸ, ಆದರೆ ಅದಕ್ಕೆ ಕರೆಂಟ್ ಬೇಕು. ಮಾನಿಟರ್‌ನ ಗುಂಡಿ ಒತ್ತಿ ಆರಿಸಿ, ಗೋಡೆಯ ಸ್ವಿಚ್ ಬಿಡಿ. ದಿನವೂ ಗೋಡೆಯಲ್ಲೇ ಆರಿಸುವವರ ಪರದೆ ಈ ಆರೈಕೆಯನ್ನು ಒಮ್ಮೆಯೂ ಕಾಣದೆ ತಿಂಗಳುಗಟ್ಟಲೆ ಓಡುತ್ತದೆ, ಆಮೇಲೆ ಕಂಪನಿಗೆ ಬೈಗುಳ. ನಡುವೆ ಒಮ್ಮೆ ಕರೆಂಟ್ ಹೋದರೆ ಚಿಂತೆಯಿಲ್ಲ. ಮಲೆನಾಡಿನ ಓದುಗರು ಗುಡುಗು ಶುರುವಾದ ಕೂಡಲೇ ಪ್ಲಗ್ಗನ್ನೇ ಕೀಳಬೇಕು. ಸಿಡಿಲಿನ ಮುಂದೆ ಬರ್ನ್-ಇನ್ ದೊಡ್ಡದಲ್ಲ.

ಈ ಸರಿದೂಗಿಸುವಿಕೆ ಸವೆದದ್ದನ್ನು ಮತ್ತೆ ತುಂಬುವುದಿಲ್ಲ ಎಂಬುದೂ ತಿಳಿದಿರಲಿ. ಮಂಕಾದ ಪಿಕ್ಸೆಲ್‌ಗೆ ಹೆಚ್ಚು ಕರೆಂಟ್ ಕೊಟ್ಟು ಪಕ್ಕದವುಗಳ ಸಮಕ್ಕೆ ತರುತ್ತದೆ, ಅಷ್ಟೆ. ಅದಕ್ಕೊಂದು ಮಿತಿಯಿದೆ. ಆದ್ದರಿಂದ ಮೆನುವಿನಲ್ಲಿ ಸಿಗುವ ದೊಡ್ಡ ರಿಫ್ರೆಶ್ ಅನ್ನು ಪೂಜೆಯಂತೆ ವಾರವಾರ ಓಡಿಸಬೇಡಿ. ಮಾನಿಟರ್ ಕೇಳಿದಾಗ ಮಾತ್ರ ಒಪ್ಪಿಗೆ ಕೊಡಿ.

"ಹತ್ತು ಗಂಟೆಯಲ್ಲಿ ಬರ್ನ್-ಇನ್ ಮಾಯ" ಎಂದು ಬಣ್ಣ ಬಣ್ಣವಾಗಿ ಮಿನುಗುವ ವಿಡಿಯೊಗಳ ಕೊಂಡಿಯನ್ನು ಮೂವರು ಕಳಿಸಿ, ಓಡಿಸಬಹುದೇ ಎಂದು ಕೇಳಿದ್ದಾರೆ. ಖಂಡಿತ ಬೇಡ. ಎಲ್‌ಸಿಡಿಯಲ್ಲಿ ಅಂಟಿಕೊಂಡ ಪಿಕ್ಸೆಲ್ ಬಿಡಿಸಲು ಹುಟ್ಟಿದ ಉಪಾಯವದು. ಒಎಲ್ಇಡಿಯಲ್ಲಿ ಅದು ಮಾಡುವ ಕೆಲಸ ಒಂದೇ, ಚೆನ್ನಾಗಿರುವ ಪಿಕ್ಸೆಲ್‌ಗಳನ್ನೂ ಹತ್ತು ಗಂಟೆ ಸುಮ್ಮನೆ ಸವೆಸುವುದು. ಹಣ ಪಡೆದು ಇದನ್ನೇ ಓಡಿಸಿ "ಪ್ಯಾನೆಲ್ ರಿಪೇರಿ" ಎಂದು ಬಿಲ್ ಕೊಡುವವರೂ ಇದ್ದಾರೆ. ಅವರ ಕೈಗೆ ಪರದೆ ಕೊಡಬೇಡಿ. ಬರ್ನ್-ಇನ್ ಆದ ಪ್ಯಾನೆಲ್‌ಗೆ ಬದಲಿ ಪ್ಯಾನೆಲ್ ಬಿಟ್ಟರೆ ಬೇರೆ ಮದ್ದಿಲ್ಲ, ಮತ್ತು ಬದಲಿಯ ಖರ್ಚು ಹೊಸ ಮಾನಿಟರ್‌ನ ಹತ್ತಿರಕ್ಕೇ ಬರುತ್ತದೆ.

ಹಾಗಾದರೆ ನೀವು ಕೊಳ್ಳಬೇಕೆ? ಒಂಬತ್ತು ಗಂಟೆ ಕೋಡ್, ಎರಡು ಗಂಟೆ ಗೇಮ್ ಎಂಬುದು ನಿಮ್ಮ ಲೆಕ್ಕವಾದರೆ ಕೊಳ್ಳಬೇಡಿ ಎಂಬುದೇ ನನ್ನ ಉತ್ತರ. ನಾನು ಅತಿ ಎಚ್ಚರದವನು ಎನ್ನಿ, ಒಪ್ಪುತ್ತೇನೆ. ನನ್ನ ಮೇಜಿನ ಮೇಲೂ ಬರವಣಿಗೆ, ಲೆಕ್ಕಪತ್ರಗಳಿಗೆ ಹಳೆಯ ಐಪಿಎಸ್ (ಎಲ್‌ಸಿಡಿಯ ಒಂದು ಬಗೆ) ಪರದೆಯಿದೆ, ಒಎಲ್ಇಡಿ ಚಿತ್ರಗಳಿಗೆ ಮಾತ್ರ. ಎರಡು ಪರದೆಗೆ ಜಾಗವಿದ್ದರೆ ನೀವೂ ಹಾಗೇ ಮಾಡಿ. ಒಂದೇ ಇಡಬೇಕು, ಅದೂ ಒಎಲ್ಇಡಿಯೇ ಬೇಕು ಎನ್ನುವುದಾದರೆ, ಬರ್ನ್-ಇನ್ ಸೇರಿದೆ ಎಂದು ವಾರಂಟಿ ಪತ್ರದಲ್ಲಿ ಅಚ್ಚಾಗಿರುವುದನ್ನು ಓದಿ ಕೊಳ್ಳಿ. ಅಂಗಡಿಯವರ ಬಾಯಿಮಾತು ಲೆಕ್ಕಕ್ಕಿಲ್ಲ. ವಿಂಡೋಗಳನ್ನು ಅರ್ಧರ್ಧಕ್ಕೆ ಅಂಟಿಸದೆ ಒಂದು ವಾರ ಎಡಗಡೆಯದನ್ನು, ಇನ್ನೊಂದು ವಾರ ಬಲಗಡೆಯದನ್ನು ದೊಡ್ಡದಾಗಿಡಿ. ಹಿನ್ನೆಲೆ ಕಪ್ಪಿರಲಿ. ಚಹಾಕ್ಕೆ ಎದ್ದರೆ ಮೂರು ನಿಮಿಷದಲ್ಲಿ ಪರದೆ ತಾನೇ ಆರುವಂತೆ ಹೊಂದಿಸಿ. ಪಿಕ್ಸೆಲ್ ಶಿಫ್ಟ್ ಆಯ್ಕೆಯನ್ನು ಆಫ್ ಮಾಡಬೇಡಿ, ಚಿತ್ರ ಒಂದೆರಡು ಪಿಕ್ಸೆಲ್ ಸರಿಯುವುದರಿಂದ ನಿಮಗೇನೂ ನಷ್ಟವಿಲ್ಲ.

ಪ್ರಶ್ನೆ: ಎರಡು ವರ್ಷ ಬಳಸಿದ ಒಎಲ್ಇಡಿ ಅಲ್ಟ್ರಾವೈಡ್ ಅರ್ಧ ಬೆಲೆಗೆ ಸಿಗುತ್ತಿದೆ. ಹೇಗೆ ಪರೀಕ್ಷಿಸಲಿ?

ಸಂಜೆ ಹೋಗಿ, ಕೋಣೆಯ ದೀಪ ಆರಿಸಲು ಹೇಳಿ. ಮಾರುವವರು ತೋರಿಸುವ ಎಚ್‌ಡಿಆರ್ ವಿಡಿಯೊ ನೋಡಬೇಡಿ, ಅದರಲ್ಲಿ ಎಂಥ ಪರದೆಯೂ ಚೆಂದ. ಪೂರ್ತಿ ಪರದೆಗೆ ನಡು ಬೂದು ಬಣ್ಣ ತೆರೆಯಿರಿ, ಆಮೇಲೆ ಶುದ್ಧ ಕೆಂಪು, ಹಸಿರು, ನೀಲಿ. ಸವೆತ ಕೆಲವೊಮ್ಮೆ ಒಂದೇ ಬಣ್ಣದಲ್ಲಿ ಕಾಣುತ್ತದೆ, ಬಿಳಿಯಲ್ಲಿ ಅಡಗಿಕೊಂಡಿರುತ್ತದೆ. ಕೆಳ ಅಂಚು, ನಟ್ಟ ನಡು, ಪಕ್ಕದ 440 ಪಿಕ್ಸೆಲ್‌ಗಳ ಗಡಿ, ಈ ಮೂರು ಕಡೆ ಕಣ್ಣಿಡಿ. ನೆರಳು ಕಂಡರೆ ಪಿಕ್ಸೆಲ್ ರಿಫ್ರೆಶ್ ಓಡಿಸಿ ಮತ್ತೆ ನೋಡಿ. ಹೋದರೆ ತಾತ್ಕಾಲಿಕ, ಉಳಿದರೆ ಬಿಟ್ಟು ಬನ್ನಿ. ಕಡುಗಪ್ಪಿಗೆ ಹತ್ತಿರದ 5 ಶೇಕಡಾ ಬೂದಿನಲ್ಲಿ ತೆಳು ಲಂಬ ಪಟ್ಟಿಗಳು ಕಂಡರೆ ಅದು ಬರ್ನ್-ಇನ್ ಅಲ್ಲ, ಪ್ಯಾನೆಲ್ ಹುಟ್ಟಿನಿಂದಲೇ ಹಾಗಿರಬಹುದು. ಫೋನಿನಲ್ಲಿ ಫೋಟೊ ತೆಗೆದು ನನಗೆ ಕಳಿಸಬೇಡಿ. ಇಲ್ಲದ ದೋಷವನ್ನು ತೋರಿಸುವುದರಲ್ಲೂ ಇರುವುದನ್ನು ಮುಚ್ಚುವುದರಲ್ಲೂ ಫೋನ್ ಕ್ಯಾಮೆರಾ ನಿಪುಣ.

ಪ್ರಶ್ನೆ: ನಾನು ಡಿಟಿಪಿ ಕೆಲಸದವಳು. ಪ್ರದರ್ಶನಕ್ಕಿಟ್ಟ ಒಎಲ್ಇಡಿ ಅಲ್ಟ್ರಾವೈಡ್‌ನಲ್ಲಿ ಕನ್ನಡ ಅಕ್ಷರಗಳ ಮೇಲೆ ಬಣ್ಣದ ಅಂಚು ಕಂಡಂತಾಯಿತು. ನನ್ನ ಕಣ್ಣಿನ ದೋಷವೇ?

ನಿಮ್ಮ ಕಣ್ಣು ಚೆನ್ನಾಗಿದೆ. ಸಂತೋಷವಾಯಿತು, ಇಷ್ಟು ಸೂಕ್ಷ್ಮವಾಗಿ ನೋಡುವವರು ಕಡಿಮೆ. ಮಾಮೂಲಿ ಪರದೆಯಲ್ಲಿ ಕೆಂಪು, ಹಸಿರು, ನೀಲಿ ಒಂದರ ಪಕ್ಕ ಒಂದು ಸಾಲಾಗಿ ನಿಂತಿರುತ್ತವೆ, ವಿಂಡೋಸ್‌ನ ಕ್ಲಿಯರ್‌ಟೈಪ್ ಅಕ್ಷರ ಬಿಡಿಸುವುದು ಆ ಸಾಲನ್ನು ನಂಬಿ. 2022ರಲ್ಲಿ ಏಲಿಯನ್‌ವೇರ್ ಹೆಸರಿನಲ್ಲಿ ಬಂದ ಮೊದಲ ಕ್ಯೂಡಿ-ಒಎಲ್ಇಡಿ (ಕ್ವಾಂಟಮ್ ಡಾಟ್ ಪದರ ಬಳಸುವ ಒಎಲ್ಇಡಿ) ಅಲ್ಟ್ರಾವೈಡ್‌ನಲ್ಲಿ ಅವು ತ್ರಿಕೋನವಾಗಿ ಕೂತಿದ್ದವು, ಹಸಿರು ಮೇಲೆ, ಉಳಿದೆರಡು ಕೆಳಗೆ. ಅದರಿಂದ ಅಡ್ಡ ಗೆರೆಗಳ ಒಂದು ಅಂಚಿಗೆ ಹಸಿರು, ಇನ್ನೊಂದಕ್ಕೆ ನೇರಳೆಗೆಂಪು ಛಾಯೆ ಬರುತ್ತದೆ. ಕನ್ನಡ ಅಕ್ಷರದ ತಲೆಯ ಮೇಲೆ ಅಡ್ಡಲಾಗಿ ಕೂತಿರುವುದೇನು? ತಲಕಟ್ಟು. ಇಂಗ್ಲಿಷ್ ಓದುವವರಿಗೆ ಅಲ್ಲಲ್ಲಿ ಕಾಣುವ ತೊಂದರೆ ನಮಗೆ ಹೆಚ್ಚು ಕಡಿಮೆ ಪ್ರತಿ ಅಕ್ಷರದಲ್ಲೂ ಕಾಣುತ್ತದೆ. ಇಂಗ್ಲಿಷ್ ವಿಮರ್ಶಕರು "ಅಭ್ಯಾಸವಾಗುತ್ತದೆ" ಎಂದು ಬರೆದದ್ದನ್ನು ಕನ್ನಡಕ್ಕೆ ಹಾಗೇ ಅನ್ವಯಿಸಬೇಡಿ.

ಪಿಕ್ಸೆಲ್ ಸಾಂದ್ರತೆಯೂ ಮುಖ್ಯ. 34 ಇಂಚಿನಲ್ಲಿ 3440×1440 ಎಂದರೆ ಇಂಚಿಗೆ ಸುಮಾರು 110 ಪಿಕ್ಸೆಲ್. ಅದೇ ಪಿಕ್ಸೆಲ್‌ಗಳನ್ನು 45 ಇಂಚಿಗೆ ಎಳೆದರೆ ಸುಮಾರು 84. ಆ 45 ಇಂಚಿನಲ್ಲಿ ಸಣ್ಣ ಗಾತ್ರದ "ಸ್ತ್ರೀ", "ಲಕ್ಷ್ಮಿ" ಪದಗಳ ಒತ್ತುಗಳು ಕಲಸಿಹೋಗುತ್ತವೆ. ಪ್ರೂಫ್ ನೋಡುವವರಿಗೆ ಅದು ಸಲ್ಲದು. 45 ಇಂಚಿನಲ್ಲೇ 5120×2160 ಇರುವ ಪರದೆಗಳು ಬಂದಿವೆ, ಇಂಚಿಗೆ ಸುಮಾರು 125. ಅಲ್ಲಿ ಅಂಚಿನ ಬಣ್ಣ ಅಷ್ಟಾಗಿ ಕಾಡುವುದಿಲ್ಲ. ಕೊಳ್ಳುವ ಮುನ್ನ ನಿಮ್ಮದೇ ಒಂದು ಪುಟವನ್ನು, ನೀವು ದಿನಾ ಬಳಸುವ ಫಾಂಟ್ ಮತ್ತು ಗಾತ್ರದಲ್ಲಿ, ಪೆನ್‌ಡ್ರೈವ್‌ನಲ್ಲಿ ಒಯ್ದು ತೆರೆಸಿ ನೋಡಿ. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.

ಪ್ರಶ್ನೆ: ಕಿಟಕಿಯ ಎದುರು ಇಟ್ಟರೆ ಕಪ್ಪು ಬಣ್ಣ ಬೂದಾಗಿ, ತುಸು ನೇರಳೆಯಾಗಿ ಕಾಣುತ್ತದೆ. ಪರದೆ ಕೆಟ್ಟಿದೆಯೇ?

ಕೆಟ್ಟಿಲ್ಲ. ನಿಮ್ಮದು ಕ್ಯೂಡಿ-ಒಎಲ್ಇಡಿ ಇರಬೇಕು. ಅದರಲ್ಲಿ ಹೊರಬೆಳಕನ್ನು ನುಂಗುವ ಪೋಲರೈಸರ್ ಪದರ ಇರುವುದಿಲ್ಲ. ಮಾನಿಟರನ್ನು ತಿರುಗಿಸಿ ಅಥವಾ ಕಿಟಕಿಗೊಂದು ಪರದೆ ಎಳೆಯಿರಿ. ಹಗಲು ಬೆಳಕಿನ ಕೋಣೆಯೇ ಗತಿ ಎನ್ನುವವರು ಈ ಜಾತಿಯನ್ನು ಕೊಳ್ಳಲೇಬಾರದಿತ್ತು.

ಪ್ರಶ್ನೆ: ಗೇಮ್‌ನ ಲೋಡಿಂಗ್ ಪರದೆಗಳಲ್ಲಿ, ಕತ್ತಲ ದೃಶ್ಯಗಳಲ್ಲಿ ಬೆಳಕು ಮಿಣುಕುತ್ತದೆ.

ಫ್ರೇಮ್‌ಗಳ ವೇಗಕ್ಕೆ ತಕ್ಕಂತೆ ಪರದೆಯ ವೇಗ ಬದಲಿಸುವ ವಿಆರ್‌ಆರ್ ಆಯ್ಕೆಯನ್ನು ಆಫ್ ಮಾಡಿ ನೋಡಿ. ಫ್ರೇಮ್‌ಗಳ ವೇಗ ಏರಿಳಿದಾಗ ಕಡು ಛಾಯೆಗಳ ಹೊಳಪೂ ಏರಿಳಿಯುವುದು ಒಎಲ್ಇಡಿಯ ಗುಣ. ವೇಗಕ್ಕೆ ಮಿತಿ ಹಾಕಿ ಸ್ಥಿರವಾಗಿಟ್ಟರೆ ಬಹುಪಾಲು ನಿಲ್ಲುತ್ತದೆ. ಕೇಬಲ್ ಬದಲಿಸಲು ಹೇಳಿದವರ ಮಾತು ಕೇಳಬೇಡಿ.

ಪ್ರಶ್ನೆ: ನೀಲಿ ಬೆಳಕು ತಡೆಯುವ ಕನ್ನಡಕ ಬೇಕೆ?

ಬೇಡ. ಬ್ರೈಟ್‌ನೆಸ್ ಇಳಿಸಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ರಜೆಗೆ ಬರುವಾಗ ತರುತ್ತೇನೆ ಎನ್ನುತ್ತಾನೆ, ಅಲ್ಲಿ ಅಗ್ಗವಂತೆ.

ಅಗ್ಗವೇ ಇರಬಹುದು. ಆದರೆ ಮಾನಿಟರ್ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಸೀಮಿತ. ಮೇಲೆ ಬರೆದದ್ದನ್ನೆಲ್ಲ ಓದಿದ ಮೇಲೂ ಬರ್ನ್-ಇನ್ ವಾರಂಟಿ ಇಲ್ಲದ ಒಎಲ್ಇಡಿಯನ್ನು ಸೂಟ್‌ಕೇಸಿನಲ್ಲಿ ತರಿಸುತ್ತೀರಾದರೆ ನಾನು ತಡೆಯಲಾರೆ. ವಕ್ರ ಗಾಜು ವಿಮಾನದ ಸಾಮಾನು ಕೋಣೆಯಲ್ಲಿ ಬರುತ್ತದೆ ಎಂಬುದನ್ನೂ ಅಣ್ಣನಿಗೆ ನೆನಪಿಸಿ.

ಪ್ರಶ್ನೆ: ಗಾಜು ಒರೆಸುವ ಸ್ಪ್ರೇ ಹಾಕಬಹುದೇ?

ಹಾಕಬಾರದು. ಈ ಲೇಪಗಳಿಗೆ ಗೀರು ಬೇಗ ಬೀಳುತ್ತದೆ. ಮೊದಲು ಊದಿ ಧೂಳು ಹಾರಿಸಿ, ಆಮೇಲೆ ಮೈಕ್ರೊಫೈಬರ್ ಬಟ್ಟೆಗೆ ಎರಡು ಹನಿ ಡಿಸ್ಟಿಲ್ಡ್ ನೀರು ಹಾಕಿ, ಒತ್ತದೆ ಒರೆಸಿ. ಹಳೆಯ ಬನಿಯನ್ ಬಟ್ಟೆ ಬೇಡ.