ಟ್ರಂಪ್ ಗೆದ್ದ ರಾಜ್ಯದಲ್ಲೇ ಗರ್ಭಪಾತದ ಹಕ್ಕೂ ಗೆದ್ದಿದ್ದು ಹೇಗೆ?

2024ರಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಜನ ಟ್ರಂಪ್‌ಗೆ ಶೇ 58ರಷ್ಟು ಮತ ಕೊಟ್ಟರು, ಅದೇ ದಿನ ಗರ್ಭಪಾತದ ಹಕ್ಕನ್ನೂ ಗೆಲ್ಲಿಸಿದರು, ಇದು ಎಡಬಿಡಂಗಿತನ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ನಾನಿರುವುದು ಪಕ್ಕದ ಕ್ಯಾನ್ಸಸ್‌ನಲ್ಲಿ, ಓವರ್‌ಲ್ಯಾಂಡ್ ಪಾರ್ಕ್ ಎಂಬ ಊರಲ್ಲಿ. ವೀಸಾದ ಮೇಲಿರುವ ನನಗೆ ಓಟಿಲ್ಲ, ಸುಮ್ನೆ ನೋಡುವುದಷ್ಟೇ ಕೆಲಸ.

ಇಲ್ಲಿ ಪ್ರತಿ ರಾಜ್ಯಕ್ಕೂ ಅದರದ್ದೇ ಸಂವಿಧಾನ ಇದೆ (ಜಮ್ಮು ಕಾಶ್ಮೀರಕ್ಕೆ 2019ರವರೆಗೆ ಇತ್ತಲ್ಲ, ಹಾಗೆ). ಅದನ್ನು ತಿದ್ದಬೇಕಾದರೆ ಬಹುತೇಕ ಕಡೆ ಜನರ ಓಟು ಬೇಕು. ಇದು ಗೊತ್ತಿಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ.

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್, ಇಡೀ ದೇಶಕ್ಕೆ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ 'ರೋ' ತೀರ್ಪನ್ನು ತೆಗೆದುಹಾಕಿತು. ಹಾಗೆ ಮಾಡಿದ ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಟ್ರಂಪ್ ನೇಮಿಸಿದವರು. ಗರ್ಭಪಾತದ ವಿಷಯವನ್ನು ಇನ್ನು ಜನ, ಅವರು ಆರಿಸಿದವರು ನೋಡಿಕೊಳ್ಳಲಿ ಎನ್ನುವುದು ಅವರ ವಾದ. ಮೊದಲು ಓಟಿಗೆ ಬಂದಿದ್ದು ನಮ್ಮ ಕ್ಯಾನ್ಸಸ್.

ಇಲ್ಲಿನ ರಾಜ್ಯದ ಸುಪ್ರೀಂ ಕೋರ್ಟ್ 2019ರಲ್ಲೇ, ನಮ್ಮ ರಾಜ್ಯದ ಸಂವಿಧಾನದಲ್ಲಿ ಈ ಹಕ್ಕು ಇದೆ ಎಂದಿತ್ತು. ಟ್ರಂಪ್‌ರ ರಿಪಬ್ಲಿಕನ್ ಪಕ್ಷದ ಶಾಸಕರಿಗೆ ತಿದ್ದುಪಡಿ ತಂದು ಅದನ್ನು ತೆಗೆಸಬೇಕಿತ್ತು. ಓಟನ್ನು ಇಟ್ಟಿದ್ದು 2022ರ ಆಗಸ್ಟ್‌ನಲ್ಲಿ, ಪಕ್ಷಗಳು ತಮ್ಮ ಅಭ್ಯರ್ಥಿಗಳನ್ನು ಆರಿಸಿಕೊಳ್ಳುವ ದಿನ. ಸುಡುಬಿಸಿಲು, ಮಕ್ಕಳಿಗೆ ರಜೆ, ಯಾವ ಪಕ್ಷಕ್ಕೂ ಸೇರದವರು ಆ ದಿನ ಸಾಮಾನ್ಯವಾಗಿ ಬರುವುದೇ ಇಲ್ಲ. ಲೆಕ್ಕಾಚಾರ ಅರ್ಥವಾಯ್ತಲ್ಲ?

ನಮ್ಮ ಬೀದಿಯ ಹುಲ್ಲುಹಾಸುಗಳ ಮೇಲೆಲ್ಲ ಬೋರ್ಡು. ಒಂದು ಮನೆ 'ಯೆಸ್', ಎದುರು ಮನೆ 'ನೋ'. ಮೊದಲ ವಾರ ನನಗೆ ಪೂರ್ತಿ ಗೊಂದಲ. 'ನೋ' ಅಂದರೆ ತಿದ್ದುಪಡಿ ಬೇಡ, ಅಂದರೆ ಹಕ್ಕು ಉಳಿಯಲಿ. ಓಟಿನ ಹಿಂದಿನ ದಿನವಂತೂ 'ಯೆಸ್' ಒತ್ತಿದರೆ ಹಕ್ಕು ಉಳಿಯುತ್ತದೆ ಎನ್ನುವ ಅರ್ಥದ ಸುಳ್ಳು ಮೆಸೇಜ್‌ಗಳು ಎಷ್ಟೋ ಜನರ ಫೋನಿಗೆ ಬಂದವು.

ಪಕ್ಕದ ಮನೆಯ ಅಜ್ಜಿ ಭಾನುವಾರ ಚರ್ಚ್ ತಪ್ಪಿಸದವರು, ಜೀವನವಿಡೀ ರಿಪಬ್ಲಿಕನ್. ಅವರ ಅಂಗಳದಲ್ಲಿ ಬೋರ್ಡೇ ಇರಲಿಲ್ಲ. ಕೇಳಿದೆ. "ನಾನಾಗಿದ್ದರೆ ತೆಗೆಸುತ್ತಿರಲಿಲ್ಲ. ಆದರೆ ಡಾಕ್ಟರ ಕೋಣೆಯಲ್ಲಿ ಸರ್ಕಾರಕ್ಕೇನು ಕೆಲಸ?" ಅಂದರು. 'ನೋ' ಕಡೆಯವರ ಜಾಹೀರಾತೂ ಇದೇ ಧಾಟಿಯಲ್ಲಿತ್ತು. ಹೆಣ್ಣಿನ ಹಕ್ಕು ಎನ್ನುವುದಕ್ಕಿಂತ ಸರ್ಕಾರದ ಬಲವಂತ ಎನ್ನುವ ಮಾತೇ ಜಾಸ್ತಿ. ಕೋವಿಡ್ ಮಾಸ್ಕ್ ಕಡ್ಡಾಯ ಮಾಡಿದ್ದಕ್ಕೆ ಸಿಟ್ಟಾದವರಿಗೆ ಅದು ನೇರವಾಗಿ ತಾಗಿತು.

9 ಲಕ್ಷಕ್ಕೂ ಹೆಚ್ಚು ಜನ ಓಟು ಹಾಕಿದರು. ಎರಡು ವರ್ಷ ಹಿಂದೆ ಟ್ರಂಪ್‌ಗೆ ಶೇ 56 ಕೊಟ್ಟಿದ್ದ ರಾಜ್ಯದಲ್ಲಿ 'ನೋ' ಶೇ 59!

ನನಗೆ ಕಂಡಿದ್ದು ಇಷ್ಟು. ಹಕ್ಕಿಗೆ ಬೇರೆಯೇ ಓಟು ಇದ್ದರೆ, ಅದಕ್ಕಾಗಿ ಯಾರೂ ತಮ್ಮ ಪಕ್ಷ ಬಿಡಬೇಕಾಗಿಲ್ಲ. ಈ ವಿಷಯ ನಮಗೆ ಗೆಲುವು ತರುತ್ತದೆ ಎಂದು 2024ರಲ್ಲಿ ಕಾದಿದ್ದ ಡೆಮಾಕ್ರಟರಿಗೆ ಇದೇ ಮುಳುವಾಯಿತು. ಅರಿಜೋನಾದಲ್ಲಿ ಹಕ್ಕಿಗೆ ಶೇ 61ಕ್ಕಿಂತ ಹೆಚ್ಚು ಮತ ಬಂತು, ರಾಜ್ಯ ಮಾತ್ರ ಟ್ರಂಪ್ ಪಾಲಾಯಿತು.

ಹಾಗಂತ ಎಲ್ಲ ಕಡೆ ಗೆದ್ದಿಲ್ಲ. ಸೌತ್ ಡಕೋಟಾದಲ್ಲಿ ಸೋತಿತು. ಫ್ಲೋರಿಡಾದಲ್ಲಿ ಶೇ 57 ಬಂದರೂ ಸೋಲೇ, ಅಲ್ಲಿ ಶೇ 60 ಬೇಕು. ಟೆಕ್ಸಾಸ್‌ನಲ್ಲಂತೂ ಜನರೇ ಸಹಿ ಸಂಗ್ರಹಿಸಿ ಇಂಥದ್ದನ್ನು ಓಟಿಗೆ ತರುವ ದಾರಿಯೇ ಇಲ್ಲ.

ಗೆದ್ದ ಕಡೆಯೂ ನೆಮ್ಮದಿಯಿಲ್ಲ. ಮಿಸ್ಸೌರಿಯ ಶಾಸಕರು 2024ರಲ್ಲಿ ಗೆದ್ದ ತಿದ್ದುಪಡಿಯನ್ನೇ ಕಿತ್ತುಹಾಕುವ ಪ್ರಶ್ನೆಯನ್ನು 2026ರ ನವೆಂಬರ್ ಓಟಿಗೆ ಇಟ್ಟರು. ಕ್ಯಾನ್ಸಸ್‌ನ ಶಾಸಕರು ಬೇರೆ ದಾರಿ ಹಿಡಿದರು, ಹಕ್ಕು ಇದೆ ಎಂದಿದ್ದ ರಾಜ್ಯದ ಸುಪ್ರೀಂ ಕೋರ್ಟಿನ ಕಡೆಗೇ ತಿರುಗಿದರು. ಇಲ್ಲಿ ಒಂದು ಸಮಿತಿ ಮೂರು ಹೆಸರು ಕೊಡುತ್ತದೆ, ಗವರ್ನರ್ ಅದರಲ್ಲಿ ಒಬ್ಬರನ್ನು ನ್ಯಾಯಮೂರ್ತಿ ಮಾಡುತ್ತಾರೆ. ಅದು ಬೇಡ, ನ್ಯಾಯಮೂರ್ತಿಗಳನ್ನೂ ಚುನಾವಣೆಯಲ್ಲೇ ಆರಿಸೋಣ ಎನ್ನುವ ತಿದ್ದುಪಡಿ ತಂದರು. ಅದರ ಓಟಿಗೆ ಗೊತ್ತು ಮಾಡಿದ್ದು 2026ರಲ್ಲಿ. ಯಾವ ತಿಂಗಳು ಅಂತೀರಾ? ಮತ್ತೆ ಆಗಸ್ಟ್.