ಪಕ್ಕದ ಮನೆಯ ಬಾಗಿಲು ತಟ್ಟಬಹುದಾ?

ತಂಗಿ, ಮದುವೆಯಾಗಿ ಬಾಗಲಕೋಟೆಯಿಂದ ವಾಕೋಲಾಗೆ ಬಂದು ಎರಡು ತಿಂಗಳಾಯ್ತು, ಮುಂಬೈ ಜೀವನ ಹೇಗೆ ಎಂದು ಕೇಳಿದ್ದೀಯ. ನೀರು, ಲೋಕಲ್ ಟ್ರೇನು, ಬಾಡಿಗೆ ಎಲ್ಲ ನಿಧಾನಕ್ಕೆ ರೂಢಿಯಾಗುತ್ತದೆ, ಅದರ ಚಿಂತೆ ಬಿಡು. ನೀನು ಕೊನೆಗೆ ಬರೆದ ಮಾತಿಗೆ ಉತ್ತರ ಕೊಡುತ್ತೇನೆ. ಪಕ್ಕದ ಖೋಲಿಯಲ್ಲಿ ನಮ್ಮ ಕಡೆಯವಳೇ ಇದ್ದಾಳೆ, ರಾತ್ರಿ ಹೊಡೆತದ ಸದ್ದು ಕೇಳುತ್ತದೆ, "ಹೊಸ ಊರು, ನಮಗ್ಯಾಕೆ" ಎನ್ನುತ್ತಾರೆ ಮನೆಯವರು, ಹೋಗಬಹುದಾ ಅಂದಿದ್ದೀಯ.

ಹೋಗು.

1996ರಲ್ಲಿ ನಾನು ಸಾಂತಾಕ್ರೂಜ್‌ನ ಚಾಳಿಗೆ ಬಂದಾಗ ನನ್ನ ಗೋಡೆಯಾಚೆಯೂ ಒಬ್ಬಳಿದ್ದಳು. ವಿಜಯಪುರ ಕಡೆಯವಳು. ಸದ್ದು ಶುರುವಾದರೆ ನಾನು ಟಿವಿ ಜೋರು ಮಾಡುತ್ತಿದ್ದೆ. ಅವಳ ಸಣ್ಣ ಮಗ ಮೆಟ್ಟಿಲ ಕೆಳಗೆ ಕಿವಿ ಮುಚ್ಚಿಕೊಂಡು ಕೂತಿರುತ್ತಿದ್ದ. ಬೆಳಗ್ಗೆ ನಲ್ಲಿ ಹತ್ತಿರ ಸಿಕ್ಕರೆ ನಾವು ಬೇರೆ ಮಾತು ಆಡುತ್ತಿದ್ದೆವು. ಒಂದು ಸಲ ತವರಿಗೆ ಹೋದಳು. "ಹೊಂದಿಕೊಂಡು ಹೋಗು" ಅಂತ ಅಣ್ಣನೇ ರೈಲು ಹತ್ತಿಸಿ ಕಳಿಸಿದ. ಮರಾಠಿ ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಇಡೀ ಚಾಳಿನಲ್ಲಿ ಅವಳ ಮಾತು ತಿಳಿಯುತ್ತಿದ್ದದ್ದು ನನಗೊಬ್ಬಳಿಗೆ. ನಾನು ಸುಮ್ನಿದ್ದೆ. ಮುಂದೆ ಅವರು ಖೋಲಿ ಬಿಟ್ಟು ಹೋದರು. ಎಲ್ಲಿಗೆ ಎಂದು ಕೇಳಲೂ ಇಲ್ಲ. ಇವತ್ತಿಗೂ ಆ ಸಂಕಟ ಹೋಗಿಲ್ಲ.

"ಕುಡಿದಾಗ ಮಾತ್ರ ಹಾಗೆ, ಇಲ್ಲದಿದ್ದರೆ ಒಳ್ಳೆಯವನು" ಎಂದು ಅವಳು ಹೇಳಬಹುದು. ಎಷ್ಟೇ ಕುಡಿದರೂ ಅವನು ಕೆಲಸ ಮಾಡಿಸುವ ಮುಕಾದಮನ ಮೇಲೆ ಕೈ ಎತ್ತುವುದಿಲ್ಲ, ಅಲ್ವಾ? ಕುಡಿತ ಹೊಡೆತವನ್ನು ಜಾಸ್ತಿ ಮಾಡುತ್ತದೆ, ನಿಜ. ಆದರೆ ಹೆಂಡತಿಯನ್ನು ಹೊಡೆಯಬಹುದು ಎಂಬುದನ್ನು ಅವನು ಅದಕ್ಕೂ ಮೊದಲೇ ಕಲಿತಿರುತ್ತಾನೆ, ಎಷ್ಟೋ ಸಲ ಅಪ್ಪನನ್ನು ನೋಡಿಯೇ. ಪರಊರಲ್ಲಿ ಅವನಿಗೆ ಇನ್ನೂ ಸಲೀಸು. ಅವಳ ಕೈಯಲ್ಲಿ ದುಡ್ಡಿಲ್ಲ, ಭಾಷೆ ಇಲ್ಲ, ತವರು ಒಂದು ರಾತ್ರಿಯ ದಾರಿ.

ಊರಲ್ಲಿ ಮುಂಬೈ ಕೆಟ್ಟದ್ದು ಎಂದು ಹೆದರಿಸಿ ಕಳಿಸುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರು ಮಹಾರಾಷ್ಟ್ರದಲ್ಲಿ ನೂರಕ್ಕೆ 25, ನಮ್ಮ ಕರ್ನಾಟಕದಲ್ಲಿ 44. ದೇಶದಲ್ಲೇ ಜಾಸ್ತಿ. ಈ ರೋಗ ನಮ್ಮ ಗಂಟಿನಲ್ಲೇ ಕಟ್ಟಿಕೊಂಡು ಬಂದದ್ದು, ತಂಗಿ.

ಈಗ ಅವಳಿಗೆ ಏನು ಹೇಳಬೇಕು ಅಂದರೆ, ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆ 2005ರದ್ದು. ಹೊಡೆತ ಮಾತ್ರ ಅಲ್ಲ, ಬೈದು ಹೀನಾಯ ಮಾಡುವುದು, ಖರ್ಚಿಗೆ ಕೊಡದಿರುವುದು, ಒಡವೆ ಕಿತ್ತುಕೊಳ್ಳುವುದೂ ಅದರಲ್ಲಿ ಹಿಂಸೆಯೇ. ಕೇಸು ಹಾಕಲು ಊರಿಗೆ ಹೋಗಬೇಕಿಲ್ಲ, ಈಗ ಇರುವ ಜಾಗದ ಕೋರ್ಟಿನಲ್ಲೇ ಹಾಕಬಹುದು. ಖೋಲಿ ಬಾಡಿಗೆಯದ್ದಾಗಲಿ, ಗಂಡನ ಹೆಸರಲ್ಲಿರಲಿ, ಸುಮ್ನೆ ಹೊರಗೆ ಹಾಕುವಂತಿಲ್ಲ. ಸರ್ಕಾರದ ಕಾನೂನು ನೆರವಿನಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆ, ಆದಾಯ ಎಷ್ಟೇ ಇರಲಿ. ಗಾಯವಾಗಿದ್ದರೆ ಬಾಂದ್ರಾದ ಭಾಭಾ ಆಸ್ಪತ್ರೆಗೆ ಕರೆದುಕೊಂಡು ಹೋಗು, ನಿಮಗೆ ಹತ್ತಿರ. ಅಲ್ಲಿ ಇಂಥ ಹೆಂಗಸರಿಗಾಗಿಯೇ ದಿಲಾಸಾ ಎಂಬ ಕೇಂದ್ರವಿದೆ. ಬಾತ್‌ರೂಮಿನಲ್ಲಿ ಜಾರಿದೆ ಅನ್ನುವುದು ಬೇಡ, ಇದ್ದದ್ದು ಇದ್ದ ಹಾಗೆ ಡಾಕ್ಟರಿಗೆ ಹೇಳಲಿ. ಡಾಕ್ಟರು ಬರೆದ ಕಾಗದ ಮುಂದೆ ಕೆಲಸಕ್ಕೆ ಬರುತ್ತದೆ. ಹಿಂದಿ ತಡವರಿಸಿದರೆ ನೀನು ಪಕ್ಕದಲ್ಲಿ ನಿಂತು ಹೇಳು.

ರಾತ್ರಿ ಸದ್ದು ಕೇಳಿದರೆ ಒಬ್ಬಳೇ ಒಳಗೆ ನುಗ್ಗಬೇಡ. ಅಕ್ಕಪಕ್ಕದವರನ್ನು ಕರೆದುಕೊಂಡು ಬಾಗಿಲು ತಟ್ಟು. ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡು. ಮಹಿಳಾ ಸಹಾಯವಾಣಿ 181. ನಿಮ್ಮ ಮನೆಯವರ ಭಯ ಕೇಸು ನಮ್ಮ ಮೇಲೆ ಬಂದರೆ ಎಂಬುದು ತಾನೇ? ಇಂಥ ಹೆಂಗಸರ ನೆರವಿಗೆ ಸರ್ಕಾರ ನೇಮಿಸಿದ ರಕ್ಷಣಾಧಿಕಾರಿಗೆ ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದು ಅದೇ ಕಾಯ್ದೆಯಲ್ಲಿದೆ. ಇದನ್ನು ಅವರಿಗೂ ಓದಿಸು.

ಅವಳ ಗಂಡನಿಗೆ ಬುದ್ಧಿ ಹೇಳಲು ಈಗಲೇ ಹೋಗಬೇಡಿ, ಆ ಸಿಟ್ಟು ಅವಳ ಮೇಲೆಯೇ ಬೀಳುತ್ತದೆ. ಬಿಟ್ಟು ಬಾ ಎಂದು ಅವಳನ್ನು ಅವಸರಿಸಲೂ ಬೇಡ. ನಾಳೆ ಅವನು ಡ್ಯೂಟಿಗೆ ಹೋದ ಮೇಲೆ ಹೋಗು. ಹಾಲಿಗೆ ಹೆಪ್ಪು ಬೇಕಿತ್ತು ಅನ್ನು. ಕನ್ನಡದಲ್ಲೇ ಮಾತಾಡು. ಅವಳು ಏನೂ ಹೇಳದಿದ್ದರೆ ನಾಡಿದ್ದು ಬಟ್ಟಲು ವಾಪಸ್ ಕೊಡಲು ಮತ್ತೆ ಹೋಗು.